ಮಳೆಗೆ ಕಟ್ಟಿದ ಚಪ್ಪರವನ್ನು ಗಾಳಿ ಒಯ್ದಿತು

ಹೊನ್ನಾಳಿಯಲ್ಲಿ ನಮ್ಮವರೊಬ್ಬರ ಹೋಟೆಲ್ ಉಂಟು. ಶಿವಮೊಗ್ಗದಿಂದ ಹರಿಹರಕ್ಕೆ ಹೋಗುವ ರಸ್ತೆಯ ಬದಿಯಲ್ಲೇ. ಕೆಳಗೆ ಹೋಟೆಲ್, ಮೊದಲ ಮಹಡಿಯಲ್ಲಿ ಫ್ಯಾಮಿಲಿ ರೂಮು, ಅದರ ಮೇಲೆ ಬರೀ ತಾರಸಿ. ತಾರಸಿಗೆ ಹತ್ತಿದರೆ ಸಂಜೆ ತುಂಗಭದ್ರೆಯ ಕಡೆಯಿಂದ ತಂಪಾದ ಗಾಳಿ ಬೀಸುತ್ತದೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಆದ್ದರಿಂದ ಇಲ್ಲಿ ಅವರನ್ನು ಹೋಟೆಲ್ ಕಾಕ ಎಂದೇ ಕರೆಯುತ್ತೇನೆ.

ಕಾಕ ಕರಾವಳಿಯಿಂದ ಘಟ್ಟ ಹತ್ತಿ ಬಂದು ಇಪ್ಪತ್ತು ವರ್ಷ ದಾಟಿತು. ಬೇಸಿಗೆಯಲ್ಲಿ ಕೆಳಗೆ ಫ್ಯಾನಿನಡಿ ಕೂತು ಬಿರಿಯಾನಿ ತಿನ್ನಲು ಗಿರಾಕಿಗಳು ಬೇಸರಪಡುತ್ತಾರೆ, ಮೇಲೆ ತಾರಸಿ ಸುಮ್ಮನೆ ಬಿದ್ದಿದೆ. ಅಲ್ಲೊಂದು ಚಪ್ಪರ ಹಾಕಿ ಹತ್ತು ಮೇಜು ಇಟ್ಟರೆ ವ್ಯಾಪಾರ ಆಗದೇ? ಮೊಬೈಲಿನಲ್ಲಿ ಎಲ್ಲೆಲ್ಲಿಯೋ ‘ಪರ್ಗೋಲಾ’ ಫೋಟೋ ನೋಡಿದರು. ಮನೆಯವರ ಚಿನ್ನ ನಾಲ್ಕು ಪವನ್ ಬ್ಯಾಂಕಿನಲ್ಲಿ ಅಡವಿಟ್ಟರು. ವೆಲ್ಡಿಂಗ್ ಕೆಲಸದವರೊಬ್ಬರನ್ನು ಕರೆಸಿ ಕಬ್ಬಿಣದ ಚೌಕ ಪೈಪು ನಿಲ್ಲಿಸಿ, ಮೇಲೆ ನೀಲಿ ಶೀಟು ಹೊದೆಸಿ, ಬಣ್ಣದ ದೀಪ ಕಟ್ಟಿದರು. ಇಳಿಜಾರು ಚೆನ್ನಾಗಿತ್ತು, ನೀರು ಹೋಗಲು ದಂಬೆಯೂ ಇತ್ತು. ಕರಾವಳಿಯವರಲ್ಲವೇ, ಮಳೆಯ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಪೆರ್ನಾಲ್ ಕಳೆದು ಎರಡು ವಾರ ಆಗಿರಬೇಕು. ಆ ದಿನ ರಾತ್ರಿ ಏಳೂವರೆಗೆ ನಲವತ್ತು ಜನರ ಮದುವೆ ಪಾರ್ಟಿಯೊಂದು ತಾರಸಿಗೆ ಬುಕ್ ಆಗಿತ್ತು. ಸಂಜೆ ಐದರ ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಕಪ್ಪಾಯಿತು. ಮಳೆಯ ಒಂದು ಹನಿಯೂ ಬಿದ್ದಿರಲಿಲ್ಲ. ಮೊದಲು ಧೂಳು ಎದ್ದಿತು, ಹಿಂದೆಯೇ ಗಾಳಿ. ನಾಲ್ಕೈದು ನಿಮಿಷ ಅಷ್ಟೇ. ಮೂರು ಶೀಟು ರಸ್ತೆಯ ಆಚೆಗೆ ಹೋಗಿ ಬಿದ್ದವು. ಒಂದು ಕಂಬ ತಾರಸಿಯ ಕಟ್ಟೆಗೋಡೆಯ ಇಟ್ಟಿಗೆ ಸಮೇತ ಕಿತ್ತು ಬಂತು. ಒಂದು ಶೀಟು ಕರೆಂಟ್ ತಂತಿಯಿಂದ ಒಂದು ಗೇಣು ದೂರದಲ್ಲಿ ನೇತಾಡುತ್ತಿತ್ತು.

“ಉಸ್ತಾದೇ, ಒಂದು ತೊಟ್ಟು ನೀರು ಒಳಗೆ ಬೀಳ್ಲಿಕ್ಕಿಲ್ಲ ಅಂತ ಮಾಡಿಸಿದ್ದು. ಮಳೆ ಬರುವ ಮೊದಲೇ ಚಪ್ಪರವೇ ಇಲ್ಲದಾಯ್ತು,” ಎಂದರು ಕಾಕ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎರಡೂವರೆ ಗಂಟೆ ತಡವಾಗಿ ಬಂದಿದ್ದರೆ ಅಲ್ಲಿ ನಲವತ್ತು ಜನ ಇದ್ದರು. ಅದರಲ್ಲಿ ಮಕ್ಕಳೇ ಹತ್ತು ಹನ್ನೆರಡು,” ಎಂದರು.

ಘಟ್ಟದ ಮೇಲಿನ ಊರುಗಳಲ್ಲಿ ಹೋಟೆಲ್, ಬೇಕರಿ ಇಟ್ಟುಕೊಂಡ ನಮ್ಮವರು ಬಹಳ ಮಂದಿ ಇದ್ದಾರೆ. ತಾರಸಿಯ ಮೇಲೆ ಮೇಜು ಹಾಕುವ ಆಸೆ ಈಗ ಎಲ್ಲರಿಗೂ. ಕಾಕ ಮತ್ತೆ ಕಟ್ಟುವ ಮೊದಲು ಒಬ್ಬ ಸಿವಿಲ್ ಇಂಜಿನಿಯರ್ ಹತ್ತಿರ ಹೋಗೋಣ ಎಂದಾಗ ಜೊತೆಗೆ ನಾನೂ ದಾವಣಗೆರೆಗೆ ಹೋದೆ. ಅಲ್ಲಿ ಕೇಳಿದ್ದನ್ನು, ಆಮೇಲೆ ಕೆದಕಿ ತಿಳಿದದ್ದನ್ನು ಓದುಗರ ಮುಂದಿಡುತ್ತಿದ್ದೇನೆ. ನಾನು ಮದ್ರಸದಲ್ಲಿ ಪಾಠ ಹೇಳುವವ, ಇಂಜಿನಿಯರ್ ಅಲ್ಲ. ಇದನ್ನು ಓದಿ ಯಾರೂ ನೇರವಾಗಿ ಕಟ್ಟಲು ಹೊರಡಬೇಡಿ. ಕಟ್ಟುವವರ ಹತ್ತಿರ ಏನು ಕೇಳಬೇಕು ಎಂಬುದು ಗೊತ್ತಾದರೆ ಸಾಕು.

ಗಾಳಿಯ ಲೆಕ್ಕ

ಇಂಜಿನಿಯರ್ ಮೊದಲು ಕೇಳಿದ ಪ್ರಶ್ನೆಯೇ ನಮಗೆ ಹೊಸದು. “ಶೀಟು ಹಾರಿಹೋಗದ ಹಾಗೆ ಏನು ಮಾಡಿದ್ರಿ?” ಕಾಕ ಹೇಳಿದರು, “ಕಂಬ ಗಟ್ಟಿ ಇತ್ತು ಸಾರ್, ಎಷ್ಟು ಭಾರ ಇಟ್ಟರೂ ಬೀಳ್ತಿರ್ಲಿಲ್ಲ.” ಅದಕ್ಕೆ ಅವರು ನಕ್ಕು, “ನೋಡ್ರಿ, ತಾರಸಿ ಮೇಲಿನ ಚಪ್ಪರ ಕೆಳಗೆ ಬೀಳೋದು ಕಡಿಮೆ. ಅದು ಮೇಲಕ್ಕೆ ಹೋಗುತ್ತೆ,” ಎಂದರು.

ಕೊಡೆಯ ಉದಾಹರಣೆ ಕೊಟ್ಟರು. ಜೋರು ಗಾಳಿಗೆ ಕೊಡೆ ತಿರುಗಿ ಬಟ್ಟಲಿನ ಹಾಗೆ ಆಗುವುದನ್ನು ನಾವೆಲ್ಲ ಕಂಡವರೇ. ತಾರಸಿಯಲ್ಲಿಯೂ ಅದೇ. ಗಾಳಿ ಬಂದು ಕಟ್ಟೆಗೋಡೆಗೆ ಬಡಿಯುತ್ತದೆ, ಅಲ್ಲಿಂದ ಮೇಲೆ ಚಿಮ್ಮಿ ಶೀಟಿನ ಅಡಿಗೆ ನುಗ್ಗಿ ಮೇಲಕ್ಕೆ ದೂಡುತ್ತದೆ. ಅದೇ ಹೊತ್ತಿಗೆ ಶೀಟಿನ ಮೇಲ್ಗಡೆ ವೇಗವಾಗಿ ಹಾದುಹೋಗುವ ಗಾಳಿ ಶೀಟನ್ನು ಮೇಲಕ್ಕೆ ಎಳೆಯುತ್ತದೆ. ಕೆಳಗಿನಿಂದ ದೂಡುವುದು, ಮೇಲಿನಿಂದ ಎಳೆಯುವುದು, ಎರಡೂ ಒಂದೇ ದಿಕ್ಕಿಗೆ. ಮೂಲೆ ಮತ್ತು ಅಂಚುಗಳಲ್ಲಿ ಈ ಎಳೆತ ಇನ್ನೂ ಜಾಸ್ತಿ. ಕಾಕನ ಶೀಟು ಮೊದಲು ಕಿತ್ತದ್ದು ಕೂಡ ಮೂಲೆಯಲ್ಲೇ.

ಇದಕ್ಕೆ ಲೆಕ್ಕ ಉಂಟು. ಕಟ್ಟಡದ ಮೇಲೆ ಗಾಳಿ ಎಷ್ಟು ಒತ್ತುತ್ತದೆ ಎಂದು ಹೇಳುವ ಭಾರತೀಯ ಮಾನಕ ಐಎಸ್ 875, ಮೂರನೇ ಭಾಗ. ಅದರಲ್ಲಿ ಬೆಂಗಳೂರಿಗೆ ಗಾಳಿಯ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಗಂಟೆಯ ಲೆಕ್ಕಕ್ಕೆ ತಂದರೆ ಸುಮಾರು 119 ಮತ್ತು 140 ಕಿಲೋಮೀಟರ್. ಹೊನ್ನಾಳಿಗೆ ಇಂಜಿನಿಯರ್ 33ನ್ನೇ ಹಿಡಿದರು. ಆ ವೇಗಕ್ಕೆ ಒಂದು ಚದರ ಮೀಟರ್ ಮೇಲೆ ಸುಮಾರು 66 ಕೆಜಿಯಷ್ಟು ಒತ್ತಡ. ಕಾಕನ ಚಪ್ಪರ 20 ಅಡಿಗೆ 30 ಅಡಿ, ಅಂದರೆ ಸುಮಾರು 56 ಚದರ ಮೀಟರ್. ಗುಣಿಸಿ ನೋಡಿದರೆ ಮೂರೂವರೆ ಟನ್‌ಗಿಂತ ಮೇಲೆ! ಇದು ಒರಟು ಲೆಕ್ಕ. ಎತ್ತರ, ಇಳಿಜಾರು, ಸುತ್ತಲಿನ ಕಟ್ಟಡ ಎಲ್ಲ ಸೇರಿ ಇದು ಹೆಚ್ಚು ಕಡಿಮೆ ಆಗುತ್ತದೆ. ಪೈಪು, ಶೀಟು, ಸ್ಕ್ರೂ ಎಲ್ಲ ಸೇರಿ ಆ ಚಪ್ಪರದ ತೂಕ ಏಳೆಂಟು ನೂರು ಕೆಜಿ ದಾಟುವುದಿಲ್ಲ. ಅದನ್ನು ಮೂರೂವರೆ ಟನ್ ಮೇಲಕ್ಕೆ ಎಳೆದರೆ ಹಿಡಿದಿಡಬೇಕಾದದ್ದು ಯಾವುದು? ಕಂಬದ ಬುಡದ ನಾಲ್ಕು ಬೋಲ್ಟು.

ಇನ್ನೊಂದು ಮಾತು. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. “ಎರಡು ವರ್ಷದಿಂದ ಏನೂ ಆಗಲಿಲ್ಲ, ಇನ್ನೂ ಆಗ್ಲಿಕ್ಕಿಲ್ಲ” ಎನ್ನುವುದಕ್ಕೆ ಇಲ್ಲಿ ಅರ್ಥ ಇಲ್ಲ.

ಹಾಗಾದರೆ ಮಂಗಳೂರಿನ ಕಡೆ ಗಾಳಿಯ ಅಂಕಿ ಇನ್ನೂ ದೊಡ್ಡದು, ಅಲ್ಲಿ ನಮ್ಮ ಮಾಡುಗಳು ನಿಂತದ್ದು ಹೇಗೆ? ಹಳೆಯ ಮನೆಗಳ ಹಂಚಿನ ಮಾಡು ಭಾರದ್ದು, ತಗ್ಗಿನದ್ದು. ಸುತ್ತ ತೆಂಗು, ಕಂಗು. ಮದುವೆಗೆ ಅಂಗಳದಲ್ಲಿ ಹಾಕುತ್ತಿದ್ದ ಮಡಲಿನ ಚಪ್ಪರಕ್ಕೆ ಅಡಿಕೆ ಮರದ ಕಂಬಗಳನ್ನು ನೆಲದಲ್ಲಿ ಎರಡು ಮೊಳ ಹುಗಿಯುತ್ತಿದ್ದರು. ಮಡಲಿನ ಸಂದಿನಲ್ಲಿ ಗಾಳಿ ದಾಟಿ ಹೋಗುತ್ತಿತ್ತು. ಇಲ್ಲಿ ಮೂರನೇ ಮಾಳಿಗೆಯ ಎತ್ತರ, ಸುತ್ತ ಬಯಲು, ಹಗುರದ ಶೀಟು, ಹುಗಿಯಲು ನೆಲವೇ ಇಲ್ಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಹೊನ್ನಾಳಿಯಲ್ಲಿ ಅದರ ಕಾಲು ಭಾಗವೂ ಇಲ್ಲ. ಇಲ್ಲಿಯ ಪ್ರವಾಹ ಕೂಡ ಮಲೆನಾಡಿನಲ್ಲಿ ಬಿದ್ದ ಮಳೆಯದ್ದು. ತುಂಗಾ, ಭದ್ರಾ ಎರಡೂ ಕೂಡ್ಲಿಯಲ್ಲಿ ಸೇರಿ ತುಂಬಿ ಬಂದಾಗ ಊರಿನ ತಗ್ಗು ಜಾಗಗಳಿಗೆ ನೀರು ನುಗ್ಗುತ್ತದೆ. ತಾರಸಿಗೆ ಬರುವ ಅಪಾಯ ಬೇರೆ. ಅದು ಏಪ್ರಿಲ್, ಮೇ ತಿಂಗಳ ಸಂಜೆ, ಮಳೆಗೆ ಮುಂಚೆ ಬರುವ ಒಣ ಗಾಳಿ. ಊರು ಬದಲಾಗಿತ್ತು. ಕಾಕನ ಚಪ್ಪರ ಮಾತ್ರ ಊರಿನ ಮಳೆಯನ್ನೇ ನೆನಪಿಟ್ಟುಕೊಂಡು ಕಟ್ಟಿದ್ದು.

2024ರ ಮೇ 13ರಂದು ಮುಂಬೈಯ ಘಾಟ್ಕೋಪರ್‌ನಲ್ಲಿ ಇಂಥದ್ದೇ ಧೂಳುಗಾಳಿಗೆ 120 ಅಡಿಗೆ 120 ಅಡಿಯ ದೊಡ್ಡ ಜಾಹೀರಾತು ಫಲಕ ಪೆಟ್ರೋಲ್ ಬಂಕಿನ ಮೇಲೆ ಬಿದ್ದು 17 ಜನ ತೀರಿಹೋದರು. ಅಲ್ಲಿಯೂ ಬುಡ ದುರ್ಬಲ ಇತ್ತು. ನಮ್ಮ ಚಪ್ಪರ ಅಷ್ಟು ದೊಡ್ಡದಲ್ಲ, ನಿಜ. ಆದರೆ ಹಾರಿದ ಒಂದು ಶೀಟು ಬೈಕಿನಲ್ಲಿ ಹೋಗುವವನ ಕುತ್ತಿಗೆಗೆ ತಾಗಿದರೆ ಸಾಕು.

ಕಂಬ ಎಲ್ಲಿ ನಿಲ್ಲಬೇಕು

ಕಾಕನ ಕಂಬಗಳ ಬುಡ ಇದ್ದದ್ದು ಕಟ್ಟೆಗೋಡೆಯ ಮೇಲೆ. ಅದು ಇಟ್ಟಿಗೆ, ಮೇಲೆ ಸಿಮೆಂಟು ಗಾರೆ. ಬೋಲ್ಟು ಹಿಡಿದುಕೊಂಡದ್ದು ಎರಡು ಇಟ್ಟಿಗೆಯನ್ನು. ಇಟ್ಟಿಗೆ ಮೇಲಿನಿಂದ ಭಾರ ಹೇರಿದರೆ ತಾಳುತ್ತದೆ, ಕೆಳಗಿನಿಂದ ಕಿತ್ತರೆ ತಾಳುವುದಿಲ್ಲ.

ಕಟ್ಟಡದ ಕಾಂಕ್ರೀಟ್ ಕಂಬಗಳು ಎಲ್ಲೆಲ್ಲಿ ಮೇಲೆ ಬಂದಿವೆಯೋ, ಚಪ್ಪರದ ಕಂಬವೂ ಅಲ್ಲೇ ಅಥವಾ ಬೀಮಿನ ಮೇಲೆ ನಿಲ್ಲಬೇಕು. ಸ್ಲ್ಯಾಬಿನ ನಡುವೆ ಎಲ್ಲೆಂದರಲ್ಲಿ ತೂತು ಕೊರೆದು ನಿಲ್ಲಿಸಬಾರದು. ಒಂದು, ಅಲ್ಲಿ ಸ್ಲ್ಯಾಬಿನ ದಪ್ಪ ಐದಾರು ಇಂಚು ಅಷ್ಟೇ, ಬೋಲ್ಟಿಗೆ ಹಿಡಿತ ಸಿಗುವುದಿಲ್ಲ. ಎರಡು, ಆ ತೂತಿನಿಂದಲೇ ನೀರು ಇಳಿದು ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ. ಮೊದಲ ಮಹಡಿಯ ಗಿರಾಕಿಯ ತಟ್ಟೆಗೆ ನೀರು ತೊಟ್ಟಿಕ್ಕಿದಾಗ ಮಾತ್ರ ನಮಗೆ ಗೊತ್ತಾಗುವುದು. ಸರಿಯಾದ ಕ್ರಮ ಎಂದರೆ ಬೀಮಿನ ಮೇಲೆ ಕಂಬಿ ಸೇರಿಸಿ ಒಂದು ಗೇಣು ಎತ್ತರದ ಚಿಕ್ಕ ಕಾಂಕ್ರೀಟ್ ಪೀಠ ಕಟ್ಟುವುದು, ಅದರ ಮೇಲೆ ದಪ್ಪ ತಗಡಿನ ಪಾದ ಇಟ್ಟು ಕೆಮಿಕಲ್ ಆ್ಯಂಕರ್ ಎಂಬ ಅಂಟು ಹಾಕಿ ಬೋಲ್ಟು ಕೂರಿಸುವುದು, ಸುತ್ತ ನೀರು ಇಳಿಯದ ಲೇಪ ಕೊಡುವುದು. ಪಾದ ನೆಲದಿಂದ ಮೇಲೆ ಇದ್ದರೆ ನೀರು ನಿಂತು ತುಕ್ಕು ಹಿಡಿಯುವುದೂ ಕಡಿಮೆ.

ಕಬ್ಬಿಣಕ್ಕೆ ಬರೀ ಬಣ್ಣ ಸಾಲದು. ಸತು ಲೇಪ ಕೊಟ್ಟ ಪೈಪು ತೆಗೆದುಕೊಂಡರೂ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಲೇಪ ಸುಟ್ಟುಹೋಗಿರುತ್ತದೆ, ಅಲ್ಲಿ ಮತ್ತೆ ಸತುವಿನ ಬಣ್ಣ ಬಳಿಯಲೇಬೇಕು. ಪೈಪಿನ ಬಾಯಿ ಮುಚ್ಚಬೇಕು, ಇಲ್ಲದಿದ್ದರೆ ಒಳಗಿನಿಂದಲೇ ಕೊಳೆಯುತ್ತದೆ. ಕಡಲ ಬದಿಯ ಊರುಗಳಲ್ಲಿ ಉಪ್ಪು ಗಾಳಿ ಬೇರೆ ಇರುವುದರಿಂದ ಇದನ್ನು ಇನ್ನೂ ಗಟ್ಟಿಯಾಗಿ ನೋಡಿಕೊಳ್ಳಬೇಕು.

ಬಟ್ಟೆ ಒಣಗಿಸುವ ತಾರಸಿ, ಊಟ ಬಡಿಸುವ ತಾರಸಿ

ಎರಡನೇ ಪ್ರಶ್ನೆಗೆ ಕಾಕನ ಮುಖ ಸಣ್ಣದಾಯಿತು. “ಈ ಸ್ಲ್ಯಾಬನ್ನ ಯಾತಕ್ಕೆ ಅಂತ ಹಾಕಿದ್ದು?” ಕಟ್ಟಡ ಬಾಡಿಗೆಯದ್ದು. ಮಾಲೀಕರು ಎರಡು ಮಹಡಿ ಅಂಗಡಿಗೆ ಕಟ್ಟಿಸಿ, ಮೇಲೆ ಬರೀ ತಾರಸಿ ಬಿಟ್ಟದ್ದು.

ಅದೇ ಐಎಸ್ 875ರ ಎರಡನೇ ಭಾಗದಲ್ಲಿ ಯಾವ ಜಾಗಕ್ಕೆ ಎಷ್ಟು ಭಾರದ ಲೆಕ್ಕ ಹಿಡಿಯಬೇಕು ಎಂದು ಇದೆ. ಜನ ಹತ್ತಿ ಇಳಿಯುವ ಸಮತಟ್ಟು ಮಾಡಿಗೆ ಚದರ ಮೀಟರಿಗೆ ಸುಮಾರು 150 ಕೆಜಿ. ಹತ್ತಲು ಮೆಟ್ಟಿಲೇ ಇಲ್ಲದ ಮಾಡಿಗೆ ಅದರ ಅರ್ಧ. ಹೋಟೆಲಿನ ಊಟದ ಕೋಣೆಗೆ ಸುಮಾರು 400 ಕೆಜಿ. ಬಟ್ಟೆ ಒಣಗಿಸಲು, ಹಪ್ಪಳ ಸಂಡಿಗೆ ಇಡಲು ಕಟ್ಟಿದ ತಾರಸಿಗೂ ನಲವತ್ತು ಜನ, ಹತ್ತು ಮೇಜು, ಕುರ್ಚಿ, ಕೈತೊಳೆಯುವ ಬೇಸಿನ್, ಮೇಲೊಂದು ನೀರಿನ ಟ್ಯಾಂಕಿ ಹೊರುವ ತಾರಸಿಗೂ ಅಜಗಜಾಂತರ. ಒಂದು ಸಾವಿರ ಲೀಟರ್ ಟ್ಯಾಂಕಿ ತುಂಬಿದರೆ ಅದೊಂದೇ ಒಂದು ಟನ್. ಹೂಕುಂಡಗಳಲ್ಲಿ ಹಸಿ ಮಣ್ಣು ತುಂಬಿಸಿ ಸಾಲಾಗಿ ಇಡುತ್ತಾರೆ, ಅದರ ಭಾರವನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ.

ಆದ್ದರಿಂದ ಮೊದಲು ಮಾಲೀಕರಿಂದ ಕಟ್ಟಡದ ನಕ್ಷೆ ಕೇಳಿ ತರಬೇಕು. ಬೀಮು ಎಲ್ಲಿ, ಕಂಬಿ ಎಷ್ಟು ಎಂದು ನೋಡಿದ ಮೇಲೆಯೇ ಎಷ್ಟು ಮೇಜು ಎಂಬ ಮಾತು. ಮಾಲೀಕರ ಒಪ್ಪಿಗೆ ಬಾಯಿಮಾತಿನಲ್ಲಿ ಸಾಲದು, ಕಾಗದದಲ್ಲಿ ಬೇಕು. ಚಪ್ಪರ ಹಾಕಿದ ಮರುವರ್ಷ ‘ಬಾಡಿಗೆ ಹೆಚ್ಚು ಮಾಡಿ, ಇಲ್ಲ ಬಿಡಿ’ ಎಂದರೆ ಆ ಕಬ್ಬಿಣ ಯಾರದ್ದು ಎಂಬ ಜಗಳ ಆಗಬಾರದಲ್ಲ.

ಮೇಲೆ ಏನು ಹೊದೆಸುವುದು

ಪರ್ಗೋಲಾ ಎಂದರೆ ಮೂಲದಲ್ಲಿ ಪೂರ್ತಿ ಮುಚ್ಚಿದ ಮಾಡಲ್ಲ. ಕಂಬಗಳ ಮೇಲೆ ಅಡ್ಡಪಟ್ಟಿ ಇಟ್ಟು ಬಳ್ಳಿ ಹಬ್ಬಿಸುವ ಚಪ್ಪರ. ನಮ್ಮ ಮಲ್ಲಿಗೆ ಚಪ್ಪರ, ಬಸಳೆ ಚಪ್ಪರದ ಹಾಗೆಯೇ. ಸಂದಿನಲ್ಲಿ ಗಾಳಿ ಹಾದುಹೋಗುವುದೇ ಅದರ ಗುಣ. ಅದರ ಮೇಲೆ ಶೀಟು ಹೊಡೆದ ಕೂಡಲೇ ಅದು ಗಾಳಿಪಟ ಆಗುತ್ತದೆ. ಹಾಗಾಗಿ ಹೊದಿಕೆಯ ಆಯ್ಕೆ ಅಂದಕ್ಕಿಂತ ಮೊದಲು ಗಾಳಿಯದ್ದು.

ಬಣ್ಣ ಹಾಕಿದ ತಗಡಿನ ಶೀಟು ಅಗ್ಗ, ಬಾಳಿಕೆಯೂ ಬರುತ್ತದೆ. ಆದರೆ ಹೊನ್ನಾಳಿಯ ಬೇಸಿಗೆಯಲ್ಲಿ ಮಧ್ಯಾಹ್ನ ಅದರ ಅಡಿ ಕೂರುವುದು ಒಲೆಯ ಎದುರು ಕೂತ ಹಾಗೆ. ಮಳೆ ಬಂದರೆ ಶಬ್ದಕ್ಕೆ ಮಾತು ಕೇಳುವುದಿಲ್ಲ. ಕೆಳಗೆ ಶಾಖ ತಡೆಯುವ ಪದರ ಇರುವ ಶೀಟು ಸಿಗುತ್ತದೆ, ಬೆಲೆ ಹೆಚ್ಚು.

ಪಾಲಿಕಾರ್ಬೋನೇಟ್ ಶೀಟು ಬೆಳಕು ಬಿಡುತ್ತದೆ, ಗಾಜಿನಂತೆ ಒಡೆಯುವುದಿಲ್ಲ. ಆದರೆ ಅದಕ್ಕೆ ಬಿಸಿಲಿನ ಯುವಿ ಕಿರಣ ತಡೆಯುವ ಲೇಪ ಸಾಮಾನ್ಯವಾಗಿ ಒಂದು ಮುಖಕ್ಕೆ ಮಾತ್ರ ಇರುತ್ತದೆ. ಆ ಮುಖ ಮೇಲೆ ಇರಬೇಕು. ತಲೆಕೆಳಗಾಗಿ ಹಾಕಿದರೆ ಕೆಲವೇ ವರ್ಷದಲ್ಲಿ ಹಳದಿ ತಿರುಗಿ ಮುರಿಯುತ್ತದೆ. ಇದು ಬಿಸಿಲಿಗೆ ಹಿಗ್ಗುವ ವಸ್ತು. ಮೂರು ಮೀಟರ್ ಉದ್ದದ ಶೀಟು ಬೆಳಗಿನ ತಂಪಿನಿಂದ ಮಧ್ಯಾಹ್ನದ ಕಾವಿಗೆ 40 ಡಿಗ್ರಿ ಏರಿದರೆ ಸುಮಾರು 8 ಮಿಲಿಮೀಟರ್ ಉದ್ದ ಆಗುತ್ತದೆ. ಸ್ಕ್ರೂವಿನ ತೂತು ಸ್ಕ್ರೂಗಿಂತ ದೊಡ್ಡದಾಗಿ ಕೊರೆದು ರಬ್ಬರ್ ವಾಶರ್ ಹಾಕದಿದ್ದರೆ ಹಿಗ್ಗಲು ಜಾಗ ಇಲ್ಲದೆ ಸ್ಕ್ರೂವಿನ ಸುತ್ತ ಬಿರುಕು ಬಿಡುತ್ತದೆ. ಗಾಳಿ ಆ ಬಿರುಕನ್ನೇ ಕಾಯುತ್ತಿರುತ್ತದೆ.

ಟಾರ್ಪಾಲು, ಹಸಿರು ನೆಟ್ಟು ನಮ್ಮಲ್ಲಿ ಎಲ್ಲರೂ ಮೊದಲು ಹಾಕುವುದು. ನೆಟ್ಟು ನೆರಳಿಗೆ ಆಗುತ್ತದೆ, ಮಳೆಗೆ ಆಗುವುದಿಲ್ಲ. ಟಾರ್ಪಾಲಿನಲ್ಲಿ ನೀರು ಹೊಂಡವಾಗಿ ನಿಂತು ಜಗ್ಗುತ್ತದೆ. ಎರಡಕ್ಕೂ ಬೆಂಕಿ ಹತ್ತಿದರೆ ನಿಲ್ಲಿಸಲು ಸಮಯ ಸಿಗುವುದಿಲ್ಲ.

ಇನ್ನೊಂದು ವಿಧ ಮಡಚುವ ಹೊದಿಕೆ. ಕಬ್ಬಿಣದ ಅಡ್ಡಪಟ್ಟಿಗಳು ಖಾಯಂ, ಅದರ ಕೆಳಗೆ ಹಳಿಯಲ್ಲಿ ಓಡುವ ಗಟ್ಟಿ ಬಟ್ಟೆ. ಪಾಲಿಯೆಸ್ಟರ್ ಬಟ್ಟೆಗೆ ಪಿವಿಸಿ ಲೇಪ ಕೊಟ್ಟದ್ದು. ಬಿಸಿಲಿಗೆ, ಸಾಧಾರಣ ಮಳೆಗೆ ಎಳೆದು ಹರಡುವುದು, ಗಾಳಿ ಬಂದರೆ ಮಡಚುವುದು. ಮದೀನಾಕ್ಕೆ ಹೋಗಿ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಸ್ಜಿದುನ್ನಬವಿಯ ಅಂಗಳದಲ್ಲಿ ಇರುವ 250 ದೊಡ್ಡ ಕೊಡೆಗಳು ಹಗಲು ಅರಳಿ ನೆರಳು ಕೊಡುತ್ತವೆ, ಸಂಜೆ ಮಡಚಿ ಕಂಬಗಳ ಹಾಗೆ ನಿಲ್ಲುತ್ತವೆ. ಬೇಡದ ಹೊತ್ತಿನಲ್ಲಿ ಮಾಡೇ ಇಲ್ಲದ ಹಾಗೆ ಮಾಡುವುದು ಅದರ ಜಾಣತನ. ಆಕಾಶ ಮುಚ್ಚಿ ತೆರೆಯುವ ಅಲ್ಯೂಮಿನಿಯಂ ಪಟ್ಟಿಗಳ ಪರ್ಗೋಲಾವೂ ಈಗ ದೊಡ್ಡ ಊರುಗಳಲ್ಲಿ ಸಿಗುತ್ತದೆ. ಪಟ್ಟಿಯಲ್ಲೇ ನೀರು ಹೋಗುವ ದೋಣಿ ಇರುತ್ತದೆ. ನಮ್ಮಂಥ ಊರಿನ ಹೋಟೆಲಿಗೆ ಅದರ ಬೆಲೆ ಎಟುಕುವುದು ಕಷ್ಟ.

ಯಾವುದೇ ಹೊದಿಕೆ ಆಗಲಿ, ನೀರಿನ ದಾರಿಯನ್ನೂ ನೋಡಬೇಕು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಕಾಕನ 56 ಚದರ ಮೀಟರಿಗೆ ಒಂದು ಗಂಟೆಯಲ್ಲಿ 30 ಮಿಲಿಮೀಟರ್ ಸುರಿದರೆ 1,680 ಲೀಟರ್. ಅದು ಪಕ್ಕದ ಅಂಗಡಿಯವನ ತಲೆಗೆ ಬಿದ್ದರೆ ಅದೇ ದಿನ ಜಗಳ. ದಂಬೆ, ಪೈಪು ಅಗಲದ್ದೇ ಹಾಕಿ ಕೆಳಗಿನ ತೊಟ್ಟಿಗೆ ಬಿಟ್ಟರೆ ಪಾತ್ರೆ ತೊಳೆಯಲಿಕ್ಕಾದರೂ ಆದೀತು.

ಅಲ್‌ಫಹಮ್ ಒಲೆ ಮೇಲೆ ಬೇಡ

ಕಾಕನ ಮಗನ ಆಸೆ ಬೇರೆ ಇತ್ತು. ತಾರಸಿಯಲ್ಲೇ ಇದ್ದಲು ಒಲೆ ಇಟ್ಟು ಗಿರಾಕಿಗಳ ಎದುರೇ ಅಲ್‌ಫಹಮ್ ಸುಡುವುದು. ನೋಡಲು ಚಂದ, ಪರಿಮಳಕ್ಕೆ ಜನ ಬರುತ್ತಾರೆ. ಇಂಜಿನಿಯರ್ ಈ ಮಾತಿಗೆ ಮಾತ್ರ ಖಡಾಖಂಡಿತ ‘ಆಗಲ್ಲ’ ಎಂದರು.

2017ರ ಡಿಸೆಂಬರ್ 28ರ ನಡುರಾತ್ರಿ ಕಳೆದು ಮುಂಬೈಯ ಕಮಲಾ ಮಿಲ್ಸ್ ಆವರಣದ ತಾರಸಿ ರೆಸ್ಟೋರೆಂಟುಗಳಲ್ಲಿ ಬೆಂಕಿ ಬಿದ್ದು 14 ಜನ ತೀರಿಹೋದರು. ಹುಕ್ಕಾದ ಕೆಂಡದ ಕಿಡಿಯಿಂದ ಬೆಂಕಿ ಹುಟ್ಟಿತು ಎಂದು ಅಗ್ನಿಶಾಮಕ ಇಲಾಖೆಯ ವರದಿ ಹೇಳಿತು. ಬೇಗ ಉರಿಯುವ ಹೊದಿಕೆ ಬೆಂಕಿಯನ್ನು ಪಕ್ಕದ ತಾರಸಿಗೂ ದಾಟಿಸಿತು. ಸತ್ತವರಲ್ಲಿ ಬಹಳ ಮಂದಿ ದಾರಿ ಕಾಣದೆ ಶೌಚಾಲಯದೊಳಗೆ ಸೇರಿಕೊಂಡು ಹೊಗೆಗೆ ಉಸಿರುಗಟ್ಟಿದವರು. ನಮ್ಮ ರಾಜ್ಯದಲ್ಲೇ 2023ರ ಅಕ್ಟೋಬರ್ 18ರಂದು ಬೆಂಗಳೂರಿನ ಕೋರಮಂಗಲದಲ್ಲಿ ಮೇಲ್ಮಹಡಿಯ ಕೆಫೆಯೊಂದಕ್ಕೆ ಬೆಂಕಿ ಬಿತ್ತು, ಸಿಲಿಂಡರ್ ಸಿಡಿಯಿತು. ಒಬ್ಬರು ಜೀವ ಉಳಿಸಲು ಮಹಡಿಯಿಂದ ಕೆಳಗೆ ಹಾರಿದರು. ಆಮೇಲೆ ಬಿಬಿಎಂಪಿಯವರು ನಗರದ ತಾರಸಿ ಹೋಟೆಲುಗಳ ತಪಾಸಣೆ ನಡೆಸಿದರು.

ಇದರಿಂದ ಕಲಿಯಬೇಕಾದದ್ದು ಕಷ್ಟದ ವಿಷಯ ಅಲ್ಲ. ಅಡುಗೆ, ಸಿಲಿಂಡರ್, ಇದ್ದಲು ಎಲ್ಲ ಕೆಳಗೆ. ಮೇಲೆ ಬರೀ ಬಡಿಸುವುದು. ಪ್ಲಾಸ್ಟಿಕ್ ಹೂ, ಪ್ಲಾಸ್ಟಿಕ್ ಹುಲ್ಲುಹಾಸು, ಬಿದಿರಿನ ತಟ್ಟಿ, ಒಣ ಮಡಲು ಬೇಡ. ದೀಪದ ವಯರನ್ನು ಪೈಪಿನೊಳಗೆ ಎಳೆದು, ಐಪಿ 65 ಎಂದು ಬರೆದ ಹೊರಾಂಗಣದ ದೀಪಗಳನ್ನೇ ಹಾಕಿ, ಕರೆಂಟು ಸೋರಿದ ಕೂಡಲೇ ಅದನ್ನು ಕಡಿಯುವ ಆರ್‌ಸಿಸಿಬಿ ಸ್ವಿಚ್ಚು ಇಡಬೇಕು. ಒದ್ದೆ ನೆಲ, ಕಬ್ಬಿಣದ ಕಂಬ, ಬರಿಗಾಲಿನ ಮಕ್ಕಳು, ಇದಕ್ಕಿಂತ ಹೆಚ್ಚು ಹೇಳಬೇಕೇ?

ಮೆಟ್ಟಿಲು ಒಂದೇ ಇದ್ದು ಅದು ಅಡುಗೆಕೋಣೆಯ ಪಕ್ಕದಿಂದಲೇ ಬರುತ್ತಿದ್ದರೆ ಮೇಲಿನವರು ಸಿಕ್ಕಿಬಿದ್ದ ಹಾಗೆ. ಹಿಂದಿನ ಬದಿಗೆ ಕಬ್ಬಿಣದ ಎರಡನೇ ಮೆಟ್ಟಿಲು ಬೇಕು. ಅದರ ಬಾಗಿಲಿಗೆ ಬೀಗ ಹಾಕಬಾರದು, ಅಲ್ಲಿ ಖಾಲಿ ಕ್ರೇಟುಗಳನ್ನು ಪೇರಿಸಬಾರದು. ನಮ್ಮ ಬಹಳಷ್ಟು ಹೋಟೆಲುಗಳಲ್ಲಿ ಹಿಂದಿನ ಮೆಟ್ಟಿಲು ಎಂದರೆ ಈರುಳ್ಳಿ ಚೀಲದ ಗೋದಾಮು ಎಂಬುದು ನಮಗೆಲ್ಲ ಗೊತ್ತಿರುವ ಸತ್ಯ.

ಕಟ್ಟೆ, ಸಿಡಿಲು, ಕಾಗದಪತ್ರ

ಕಟ್ಟೆಗೋಡೆ ಕನಿಷ್ಠ ಒಂದು ಮೀಟರ್ ಎತ್ತರ ಇರಬೇಕು. ಮೇಜನ್ನು ಕಟ್ಟೆಗೆ ತಾಗಿಸಿ ಇಟ್ಟರೆ ಮಕ್ಕಳು ಕುರ್ಚಿ ಹತ್ತಿ ಕಟ್ಟೆಯ ಮೇಲೆ ಬರುತ್ತಾರೆ. ಆಗ ಆ ಒಂದು ಮೀಟರ್ ಇದ್ದೂ ಇಲ್ಲದ ಹಾಗೆ. ತಡೆಗೋಡೆ ಇಲ್ಲದ ಮಾಡಿನ ಮೇಲೆ ಮಲಗುವವರ ಬಗ್ಗೆ ಪ್ರವಾದಿಯವರ ಕಠಿಣ ಎಚ್ಚರಿಕೆ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಉಂಟು. ಅದನ್ನು ಮಕ್ಕಳಿಗೆ ಪಾಠ ಹೇಳುವಾಗ ತಾರಸಿ ಹೋಟೆಲು ನನ್ನ ನೆನಪಿಗೆ ಬಂದಿರಲಿಲ್ಲ. ಈಗ ಬರುತ್ತದೆ. ತನ್ನ ಮಾಡಿನ ಮೇಲೆ ತಾನು ಮಲಗುವವನಿಗೇ ಹಾಗಾದರೆ, ದುಡ್ಡು ತೆಗೆದುಕೊಂಡು ಬೇರೆಯವರ ಮಕ್ಕಳನ್ನು ಕೂರಿಸುವವನ ಹೊಣೆ ಎಷ್ಟು?

ಏಪ್ರಿಲ್, ಮೇಯ ಗಾಳಿಯ ಜೊತೆ ಸಿಡಿಲೂ ಬರುತ್ತದೆ. ಎತ್ತರದಲ್ಲಿ ನಿಂತ ಕಬ್ಬಿಣದ ಚಪ್ಪರಕ್ಕೆ ಭೂಮಿಗೆ ಹೋಗುವ ಅರ್ಥಿಂಗ್ ಪಟ್ಟಿ ಬೇಕೇ ಬೇಕು. ಅದಿದ್ದರೂ ಗುಡುಗು ಕೇಳಿದ ಕೂಡಲೇ ಜನರನ್ನು ಕೆಳಗಿಳಿಸಬೇಕು. ಚಪ್ಪರ ಮಳೆಯಿಂದ ಕಾಪಾಡಬಹುದು, ಸಿಡಿಲಿನಿಂದ ಅಲ್ಲ.

ಕಾಗದಪತ್ರದ ವಿಷಯಕ್ಕೆ ಬಂದರೆ ನಮ್ಮವರಿಗೆ ಸ್ವಲ್ಪ ಉದಾಸೀನ. ತಾತ್ಕಾಲಿಕ ಚಪ್ಪರ, ಯಾರು ಕೇಳುತ್ತಾರೆ ಎನ್ನುತ್ತೇವೆ. ಊರಿನ ಪೌರಾಡಳಿತ ಕಚೇರಿಯ ಅನುಮತಿ, ವ್ಯಾಪಾರ ಪರವಾನಗಿಯಲ್ಲಿ ತಾರಸಿಯ ಉಲ್ಲೇಖ, ಅಗ್ನಿಶಾಮಕದವರ ಸಲಹೆ, ವಿದ್ಯುತ್ ತಂತಿ ಹತ್ತಿರ ಇದ್ದರೆ ಹೊನ್ನಾಳಿಯಲ್ಲಾದರೆ ಬೆಸ್ಕಾಂಗೆ ಒಂದು ಅರ್ಜಿ, ಇಷ್ಟನ್ನು ಮುಂಚೆಯೇ ಮಾಡಿಕೊಳ್ಳುವುದು ಒಳ್ಳೆಯದು. ವಿಮೆ ಇದ್ದರೂ ಅನುಮತಿ ಇಲ್ಲದ ಕಟ್ಟಡಕ್ಕೆ ವಿಮೆಯವರು ಹಣ ಕೊಡುವಾಗ ತಕರಾರು ತೆಗೆಯುತ್ತಾರೆ. ಚಿನ್ನ ಅಡವಿಟ್ಟು ಕಟ್ಟುವವನಿಗೆ ಅದು ಸಣ್ಣ ಮಾತಲ್ಲ.

ಕಾಕ ಏನು ಮಾಡಿದರು

ದಾವಣಗೆರೆಯಿಂದ ಹಿಂದೆ ಬರುವಾಗ ಬಸ್ಸಿನಲ್ಲಿ ಕಾಕ ಮಾತಾಡಲಿಲ್ಲ. ಇಳಿಯುವಾಗ ಮಾತ್ರ, “ಅರ್ಧ ತಾರಸಿ ಸಾಕು,” ಎಂದರು.

ಮಾಲೀಕರ ಹತ್ತಿರ ಹಳೆಯ ನಕ್ಷೆ ಸಿಕ್ಕಿತು. ಬೀಮು ಗಟ್ಟಿ ಇರುವ ಹಿಂದಿನ ಭಾಗದಲ್ಲಿ ಮಾತ್ರ, 300 ಚದರ ಅಡಿಗೆ ಚಪ್ಪರ ಎಂದು ಇಂಜಿನಿಯರ್ ಬರೆದುಕೊಟ್ಟರು. ಮೇಜು ಹತ್ತರ ಬದಲು ನಾಲ್ಕು. ಆರು ಕಂಬ, ಆರಕ್ಕೂ ಕಾಂಕ್ರೀಟ್ ಪೀಠ. ಮೇಲೆ ಅಡ್ಡಪಟ್ಟಿ, ಅದರಡಿ ಮಡಚುವ ಬಟ್ಟೆ. ಹಿಂದಿನ ಮೆಟ್ಟಿಲಿನ ಈರುಳ್ಳಿ ಚೀಲ ಬೇರೆ ಕಡೆ ಹೋಯಿತು. ಅಲ್‌ಫಹಮ್ ಒಲೆ ಕೆಳಗೆ, ರಸ್ತೆಗೆ ಕಾಣುವ ಹಾಗೆ. ಪರಿಮಳ ಹೇಗೂ ಮೇಲೆ ಹೋಗುತ್ತದೆ ಎಂದು ಮಗ ಒಪ್ಪಿಕೊಂಡ.

ಖರ್ಚು ಮೊದಲಿಗಿಂತ ಹೆಚ್ಚಾಯಿತು, ಜಾಗ ಅರ್ಧ ಆಯಿತು. ಅಡವಿಟ್ಟ ನಾಲ್ಕು ಪವನ್‌ನಲ್ಲಿ ಒಂದು ಪವನ್ ಮಾತ್ರ ಇದುವರೆಗೆ ಬಿಡಿಸಿಕೊಂಡು ಬಂದಿದ್ದಾರೆ. ಮನೆಯವರು ಈ ಬಗ್ಗೆ ಏನೂ ಹೇಳಿಲ್ಲವಂತೆ. “ಹೇಳಿದ್ದರೆ ಸುಲಭ ಆಗ್ತಿತ್ತು,” ಎಂದರು ಕಾಕ.

ಮೊನ್ನೆ ಹೋದಾಗ ಸಂಜೆ ಐದರ ಹೊತ್ತು. ಎರಡು ಕುಟುಂಬ ಮೇಲೆ ಕೂತಿತ್ತು. ಪಶ್ಚಿಮದಲ್ಲಿ ಮೋಡ ಇತ್ತು, ಇನ್ನೂ ದೂರದಲ್ಲಿ. ರಸ್ತೆಯ ಆ ತುದಿಯಲ್ಲಿ ಧೂಳು ಸ್ವಲ್ಪ ಎದ್ದದ್ದು ಕಂಡ ಕೂಡಲೇ ಕಾಕ ಕ್ಯಾಶ್ ಬಿಟ್ಟು ಮೆಟ್ಟಿಲು ಹತ್ತಿದರು. ಹುಡುಗರು ಹಗ್ಗ ಎಳೆದು ಬಟ್ಟೆ ಮಡಚಿದರು. ಗಿರಾಕಿಗಳ ತಟ್ಟೆಗಳನ್ನು ಕೈಯಲ್ಲೇ ಹಿಡಿದು ಕೆಳಗೆ ಫ್ಯಾಮಿಲಿ ರೂಮಿಗೆ ತಂದಿಟ್ಟರು. ಒಬ್ಬರು ಗೊಣಗಿದರು, “ಎಂತ ಸಾಹೇಬ್ರೇ, ಗಾಳಿ ಇನ್ನೂ ಬಂದೇ ಇಲ್ಲ.”

ಗಾಳಿ ಆ ದಿನ ಬರಲೂ ಇಲ್ಲ. ಮೋಡ ನ್ಯಾಮತಿ ಕಡೆ ಹೋಯಿತು. ಕಾಕ ಅವರ ಬಿಲ್ಲಿನಲ್ಲಿ ಎರಡು ಚಹಾ ಬಿಟ್ಟುಕೊಟ್ಟು ಕಳಿಸಿದರು.